ಅಂತರಗಂಗೆಯ ನೆಪ

ಐದೂಕಾಲಿಗೆ ಬಾಕ್ ದಾಂಗ್ ಕಟ್ಟೆಯಿಂದ ಹೊರಡುತ್ತೇವೆ.
ಎಂಟು ಜನ, ಎಂಟು ಕಿತ್ತಳೆ ಜಾಕೆಟ್ಟು,
ತಲೆಗೊಂದು ತಣ್ಣನೆಯ ಒದ್ದೆ ಕರವಸ್ತ್ರ.
ನಲವತ್ತೈದು ನಿಮಿಷ. ನಡುವೆ ನಿಲ್ಲಿಸುವಂತಿಲ್ಲ.
ದೋಣಿ ಎಲ್ಲಿದೆ, ಎಷ್ಟು ಕುಡಿಯಿತು ಎಂಬುದೆಲ್ಲ
ಯಜಮಾನನ ಫೋನಿನಲ್ಲಿ ಕಾಣುತ್ತಿರುತ್ತದೆ.

ಸೂರ್ಯಾಸ್ತ ತೋರಿಸುವುದು ನನ್ನ ಕೆಲಸ,
ನೋಡಿದ್ದು ಕಡಿಮೆ.
ಹೋಗುವಾಗ ಅದು ಬೆನ್ನಿಗೆ,
ಬರುವಾಗ ಕಣ್ಣು ಕುಕ್ಕುತ್ತದೆ, ಟೋಪಿ ಇಳಿಸುತ್ತೇನೆ.
ಕನ್ನಡಿಯಲ್ಲಿ ಜನರ ಕಪ್ಪು ಕನ್ನಡಕಗಳಿವೆ,
ತಲೆಗೆರಡರಂತೆ ಹದಿನಾರು ಪುಟ್ಟ ಸೂರ್ಯರು.
ಈ ಸೈಗಾನಿನಲ್ಲಿ ಹೊತ್ತು ನೀರಿಗೆಲ್ಲಿ ಮುಳುಗೀತು,
ಬ್ಯಾಂಕುಗಳ ಹಿಂದಕ್ಕೆ ಜಾರಿಕೊಳ್ಳುತ್ತದೆ,
ಕೌಂಟರು ಮುಚ್ಚಿ ಹೊರಟ ಗುಮಾಸ್ತನ ಹಾಗೆ.

ಅವತ್ತು ಹದಿನಾಲ್ಕೇ.
ಹಿಂದಿನ ಸೀಟಿನಲ್ಲಿ ಒಬ್ಬಳು ಅಜ್ಜಿ, ಬರಿಗಣ್ಣು,
ಜಾಕೆಟ್ಟಿನ ಪಟ್ಟಿ ತಾನೇ ಬಿಗಿದುಕೊಂಡವಳು.
ಪಕ್ಕದಲ್ಲಿ ತಂಗಿಯ ಮಗಳು ಯೇಮ್,
ಅವಳ ಮೊದಲ ಸಂಬಳದ ಟಿಕೆಟ್ಟು.
ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ತಿರುವಿ ಮುರುವಿ,
"ಇದನ್ನು ಹರಿಯೋದಿಲ್ಲವಾ?" ಅಂದಳು.
ಸ್ಕ್ಯಾನ್ ಆಯಿತಲ್ಲ ಅಜ್ಜಿ, ಸಾಕು ಅಂದೆ.
"ಅನುಕೂಲ," ಅಂದಳು
ಹಲ್ಲಿಗೆ ಸಿಕ್ಕ ಕಲ್ಲು ತೆಗೆದ ಹಾಗೆ.

ಬಾಸೋನ್ ಸೇತುವೆ ದಾಟಿದ್ದೇ ವೇಗ ಏರಿಸಬೇಕು, ಅದು ಪದ್ಧತಿ.
ದೋಣಿಯ ಮೂತಿ ಮೇಲೇಳುತ್ತದೆ, ಹೋ ಎನ್ನುತ್ತಾರೆ ಎಲ್ಲರೂ,
ದಾನಾಂಗಿನ ಮದುಮಗ ಕೋಲಿಗೆ ಫೋನು ಸಿಕ್ಕಿಸಿ
ಹೆಂಡತಿಯ ಹಾರುವ ಕೂದಲ ಹಿಡಿಯುತ್ತಾನೆ.
ಕುತ್ತಿಗೆಮಟ್ಟ ಮುಳುಗಿದ ಮರಳಿನ ದೋಣಿಗಳು
ಮೂತಿಗೆ ಬರೆಸಿಕೊಂಡ ಕಣ್ಣು ಬಿಟ್ಟು ನಮ್ಮನ್ನು ನೋಡಿ
ನಮ್ಮ ಅಲೆಗೆ ಒಮ್ಮೆ ತೊನೆದು
ತಮ್ಮ ಪಾಡಿಗೆ ತಾವು.

ಮರಳುವಾಗ ಅಜ್ಜಿ ಎದ್ದು ಬಂದಳು.
ಓಡುವ ದೋಣಿಯಲ್ಲಿ ಏನೂ ಹಿಡಿಯದೆ ನಿಲ್ಲುವುದು
ಕಾಲಿಗೆ ಗೊತ್ತಿರಬೇಕು, ಅವಳ ಕಾಲಿಗೆ ಗೊತ್ತಿತ್ತು.
"ಇಲ್ಲೇ ಫೆರ್ರಿ ಇತ್ತು. ಇಪ್ಪತ್ತೆರಡು ವರ್ಷ ಚೀಟಿ ಹರಿದೆ.
ಆಚೆಯಿಂದ ಈಚೆ, ಈಚೆಯಿಂದ ಆಚೆ.
ಉದ್ದಕ್ಕೆ ಒಂದು ದಿನವೂ ಹೋದವಳಲ್ಲ."

ಗೊತ್ತು. ಸುರಂಗ ಬಂತು, ಫೆರ್ರಿ ಹೋಯಿತು.
ನನಗಾಗ ಹತ್ತು. ಅಪ್ಪನ ಸ್ಕೂಟರಿನ ಹಿಂದೆ ಕೂತು
ಕೊನೆಯ ಸಲ ದಾಟಿದ್ದು ನೆನಪಿದೆ,
ಎಂಜಿನ್ನಿನ ಹೊಗೆ, ಯಾರದೋ ಬುಟ್ಟಿಯ ಬಾತುಕೋಳಿ.
ಚೀಟಿ ಹರಿದ ಕೈ ನೆನಪಿಲ್ಲ.

ಕೀಲಿ ತಿರುಗಿಸಿಬಿಟ್ಟೆ.
"ಅಂತರಗಂಗೆ ಸುತ್ತಿಕೊಂಡಿದೆ ಚಕ್ರಕ್ಕೆ!
ಐದು ನಿಮಿಷ, ದಯವಿಟ್ಟು."
ಹಿಂದಕ್ಕೆ ಹೋಗಿ, ಬಗ್ಗಿ, ಮೊಣಕೈವರೆಗೆ ನೀರಿಗಿಳಿಸಿ
ಏನೂ ಇಲ್ಲದಲ್ಲಿ ಏನನ್ನೋ ಬಿಡಿಸಿದೆ.

ಎಂಜಿನ್ನು ಸತ್ತ ಮೇಲೆ ನದಿಗೆ ಬಾಯಿ ಬಂತು.
ಗುಳುಕ್, ಗುಳುಕ್, ಅಡಿಹಲಗೆಗೆ.
ಯಾವುದೋ ದೋಣಿಯಲ್ಲಿ ಅಕ್ಕಿ ತೊಳೆಯುವ ಸದ್ದು.
ದುಡ್ಡು ವಾಪಸ್ಸು ಕೊಡುತ್ತೀರಾ ಎಂದ ಮದುಮಗ.
ಅಜ್ಜಿ ಅಳಲಿಲ್ಲ.
ಥು ಥಿಯೆಮ್ ದಡ ನೋಡಿದಳು, ಊರಿನ ದಡ ನೋಡಿದಳು,
ನಡುವಿನ ಅಗಲವನ್ನು ಕಣ್ಣಲ್ಲೇ ಮಡಿಸಿ,
"ಇಷ್ಟೇ ಇತ್ತಾ," ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
"ಮಳೆಗಾಲದಲ್ಲಿ ನೋಟುಗಳೆಲ್ಲ ಒದ್ದೆ,
ಮನೆಗೆ ಹೋಗಿ ಇಸ್ತ್ರಿ ಹಾಕುತ್ತಿದ್ದೆ,"
ಯೇಮ್‌ಗೆ ಹೇಳಿದಳೋ, ನೀರಿಗೋ.

ಅಷ್ಟರಲ್ಲಿ ನಿಜವಾದ ಅಂತರಗಂಗೆಯೇ ಬಂತು
ಒಂದು ನೇರಳೆ ಹೂ ಹೊತ್ತು, ಸುಳ್ಳಿಗೆ ಸಾಕ್ಷಿ ನುಡಿಯಲು.
ಬೆಳಿಗ್ಗೆ ಕಡಲ ಕಡೆ ಹೋದದ್ದೇ ಇರಬೇಕು,
ಉಬ್ಬರ ಏರಿದರೆ ಇಲ್ಲಿ ನದಿ ಹಿಂದಕ್ಕೆ ಹರಿಯುತ್ತದೆ.
ಸೊಂಟ ನೆಟ್ಟಗೆ ಮಾಡಿದೆ. ಎದುರಿಗೇ ಇತ್ತು,
ಎರಡು ಗಾಜಿನ ಗೋಪುರಗಳ ಸಂದಿಯಲ್ಲಿ ಸಿಕ್ಕಿಕೊಂಡು,
ಕನ್ನಡಿಯಲ್ಲಿ ಕಂಡದ್ದಕ್ಕಿಂತ ದೊಡ್ಡದು,
ಬಣ್ಣ ಅಷ್ಟೇನಿಲ್ಲ.

ಕಟ್ಟೆ ಮುಟ್ಟಿದಾಗ ಏಳು ನಿಮಿಷ ತಡ,
ಜೇಬಿನಲ್ಲಿ ಯಜಮಾನ ಗುರುಗುಟ್ಟುತ್ತಿದ್ದ.
ಇಳಿಯುವ ಮುನ್ನ ಅಜ್ಜಿ ನನ್ನ ತೋಳು ಹಿಡಿದು ನೋಡಿ
"ಒಂದು ನಾರೂ ಅಂಟಿಲ್ಲ," ಅಂದಳು ಮೆಲ್ಲಗೆ.
ತನ್ನ ಟಿಕೆಟ್ಟನ್ನು ಪರ್ರನೆ ಹರಿದು,
ನೇರ, ನಡುಮಧ್ಯಕ್ಕೆ, ನೋಡದೆಯೇ,
ಅರ್ಧ ನನ್ನ ಕೈಗಿಟ್ಟಳು.

ಜಾಕೆಟ್ಟುಗಳನ್ನು ಕೊಡವಿ ಸಾಲಾಗಿ ನೇತುಹಾಕಿದೆ.
ದೀಪ ನೋಡುವ ಗುಂಪು ಆಗಲೇ ಬಂದಿತ್ತು.