ಎಂಟನೇ ಚೌಕ

ಭದ್ರಾವತಿ. ಹಳೇ ಕ್ವಾರ್ಟರ್ಸ್ ಹಿಂದಿನ ಶಾಲೆ.
ಯಾರೋ ದಾನ ಕೊಟ್ಟ ಟ್ಯಾಬ್, ಮೂಲೆಯಲ್ಲಿ ಬಿರುಕು,
ಬಿರುಕಿನ ಮೇಲೆ ನಾನೇ ಅಂಟಿಸಿದ ಸೆಲೋಟೇಪು.
ಪರದೆ ತುಂಬ ಎಂಟು ಚೌಕ.
ಒಂದೊಂದರಲ್ಲೂ ಒಂದು ಸದ್ದು ಹಿಡಿದಿಡಬಹುದು,
ಮುಟ್ಟಿದರೆ ನುಡಿಯುತ್ತದೆ, ಬಿಡುವವರೆಗೂ ಸುತ್ತುತ್ತದೆ.

ಗಣಿತದ ಅತಿಥಿ ಶಿಕ್ಷಕಿ ನಾನು. ಸಂಗೀತ
ಏಳನೇ ಕ್ಲಾಸಿಗೇ ಕೈಬಿಟ್ಟ ಪಾಠ:
ಶ್ರುತಿ ಸೇರಲ್ಲ ಅಂದರು, ಸುಮ್ಮನಾದೆ.
"ಸದ್ದು ತನ್ನಿ," ಅಂದೆ ಮಕ್ಕಳಿಗೆ, "ಹಾಡು ಬೇಡ."

ಜಬೀವುಲ್ಲಾ ತಂದದ್ದು ಅಪ್ಪನ ಪಂಕ್ಚರ್ ಅಂಗಡಿ,
ತೊಟ್ಟಿಯ ನೀರಲ್ಲಿ ಅದ್ದಿದ ಟ್ಯೂಬಿನ ಗುಳುಗುಳು.
ಚೌಡೇಶ ತಂದದ್ದು ಅಕ್ಕಿ ಕೇರುವ ಮೊರ,
ಜೊತೆಗೆ ತಾನಾಗಿ ಸಿಕ್ಕಿಬಿದ್ದ
ಅವರಮ್ಮನ ಅರ್ಧ ಬೈಗುಳ.
ಅದನ್ನು ಕತ್ತರಿಸಲು ಯಾರೂ ಒಪ್ಪಲಿಲ್ಲ.
"ಮಿಸ್, ತಾಳ ಬೀಳೋದೇ ಅಲ್ಲಿ!"
ಎಣಿಸಿದೆ. ಏಳೂವರೆ.
ತಪ್ಪು ಅನ್ನಲು ಬಾಯಿ ತೆರೆಯುವಷ್ಟರಲ್ಲಿ
ಬೆಂಚಿನ ಕೆಳಗೆ ಕಾಲುಗಳು ಏಳೂವರೆಗೆ ಕುಣಿಯುತ್ತಿದ್ದವು.

ಸೆಲ್ವಿ ಮಾತ್ರ ಮೂರು ದಿನ ಬರಿಗೈ.
ನಾಲ್ಕನೇ ದಿನ ಕೇಳಿದಳು,
"ಈಗ ಇಲ್ಲದ ಸದ್ದು ತರಬಹುದಾ?"

ಅವಳ ತಾತ ಮುನುಸಾಮಿ ಕುಲುಮೆ ಮುಂದೆ ಮೂವತ್ತು ವರ್ಷ ನಿಂತವರು,
ಒಂದು ಕಿವಿಯನ್ನು ಅಲ್ಲೇ ಬಿಟ್ಟು ಬಂದವರು.
ಪಾಳಿ ಕರೆಯುವ ಸೈರನ್ನನ್ನು ಬಾಯಲ್ಲೇ ಮಾಡುತ್ತಾರೆ:
ಹೊಟ್ಟೆಯಿಂದ ಎದ್ದು, ಮೂಗಿಗೆ ಏರಿ,
ಕೆಮ್ಮಿನಲ್ಲಿ ಮುಗಿಯುತ್ತದೆ.
ಕೆಮ್ಮನ್ನೂ ಸೇರಿಸಿಯೇ ತಂದಳು.

ಎಂಟನೇ ಚೌಕಕ್ಕೆ ಹಾಕಿ ಬೆರಳಲ್ಲಿ ಎಳೆದಳು.
ನಾದಿದ ಹಿಟ್ಟಿನ ಹಾಗೆ ಹಿಗ್ಗಿತು ಕೂಗು,
ನಾಲ್ಕು ಪಟ್ಟು ನಿಧಾನ, ತಗ್ಗಿ ತಗ್ಗಿ,
ಕೆಮ್ಮು ಎಲ್ಲೋ ದೂರದ ಗುಡುಗಾಗಿ,
ಉಳಿದದ್ದು ತಂಬೂರಿಯಂತೆ ನೆಲಕ್ಕೆ ಹಾಸಿಕೊಂಡಿತು.
ಅದರ ಮೇಲೆ ಗುಳುಗುಳು. ಮೊರ. ಅರ್ಧ ಬೈಗುಳ.
ನಾನೂ ಒಂದು ಸ್ವರ ಹಿಡಿದೆ,
ಮೆಲ್ಲಗೆ, ಬಾಗಿಲ ಕಡೆ ತಿರುಗಿ.
ಸೇರಿತೋ ಇಲ್ಲವೋ, ಟ್ಯಾಬ್ ಹೇಳುವುದಿಲ್ಲ.

ಶನಿವಾರ ತಾತ ಬಂದರು.
ಕೇಳುವ ಕಿವಿಗೆ ಒತ್ತಿ ಹಿಡಿದಳು ಸೆಲ್ವಿ.
ಕೇಳಿದರು. ವಾಚಿಲ್ಲದ ಮಣಿಕಟ್ಟು ನೋಡಿಕೊಂಡರು.
"ಇಷ್ಟು ನಿಧಾನ ಕೂಗಿದ್ದರೆ," ಅಂದರು,
"ಒಂದು ದಿನವೂ ಲೇಟಾಗುತ್ತಿರಲಿಲ್ಲ ನಾನು."

ಆಮೇಲೆ ತಾವೇ ಬೆರಳು ಚಾಚಿ ಮುಟ್ಟಿದರು,
ಎಂಟನೆಯದನ್ನಲ್ಲ, ಮೊರದ ಚೌಕವನ್ನು.
ಚೌಡೇಶನ ಅಮ್ಮ ಬೈದಳು. ಮತ್ತೆ ಬೈದಳು.
ಬ್ಯಾಟರಿ ನಾಲ್ಕು ಪರ್ಸೆಂಟ್.
"ಇದ್ಯಾರಮ್ಮಾ?" ಅಂತ ನಕ್ಕರು,
ಬೆರಳು ಮಾತ್ರ ಎತ್ತಲಿಲ್ಲ.