ಷರಾ

ಮಂಗಳವಾರ ಕಾರವಾರದಿಂದ ಮೆಮೊ ಬಂತು,
ಮೂಲೆಯಲ್ಲಿ ಯಾರದೋ ಗೋಂದಿನ ಬೆರಳಚ್ಚು.
ನಾಲ್ಕು ಸಾಲು. ಮೂರು ಅರ್ಥವಾದವು.
ಹಡಗುಗಳ ಆಗಮನ ನಿರ್ಗಮನ ವಹಿಯಲ್ಲಿ
ಷರಾ ಕಾಲಮಿನಡಿ ಸ್ವಂತ ಅನಿಸಿಕೆ ಬರೆಯುವ ಪದ್ಧತಿಯನ್ನು
ಈ ಕಚೇರಿಯು (ಅಲ್ಲೊಂದು ಗಂಟಲಿಗೆ ಸಿಕ್ಕುವ ಕ್ರಿಯಾಪದ)
‘ಡೆಪ್ರಿಕೇಟ್’ ಮಾಡುತ್ತದೆ.

ನಾನು ಬರೆದದ್ದೇನು ಮಹಾ?
‘ಸಲಾಮತ್’ ಮಂಜಿ, ಕಲ್ಪೇನಿಗೆ. ಸಿಮೆಂಟು, ನೀರುಳ್ಳಿ, ಆಡು ಹನ್ನೊಂದು.
ಷರಾ: ತಂಡೇಲ ಪೂಕೋಯರ ಮಗಳಿಗೆ ಜ್ವರ ಬಿಟ್ಟಿದೆ, ನಗುತ್ತಾ ಹೊರಟರು.
ಇನ್ನೊಂದು ದಿನ:
ಆಡೊಂದು ಹಲಗೆ ಹತ್ತಲೊಪ್ಪದೆ ಹತ್ತು ನಿಮಿಷ ತಡ.
ತಪ್ಪು ಹಲಗೆಯದು.
ಮತ್ತೊಂದು ದಿನ, ಬೇರೇನೂ ತೋಚದೆ:
ಅಳಿವೆಯ ನೀರಿಗೆ ಇವತ್ತು ಗಂಜಿತಿಳಿಯ ಬಣ್ಣ.

ಹೆಡ್‌ಕ್ಲಾರ್ಕ್ ಉಗ್ಗಪ್ಪ ಬಂಗೇರರು ಕನ್ನಡಕ ಹಣೆಗೇರಿಸಿ
‘ಇನ್‌ಕ್ರಿಮೆಂಟಿಗೆ ಏನೂ ಆಗುವುದಿಲ್ಲ ಮಾರಾಯ್ತಿ,
ಮರ್ಯಾದೆ ಹೋಗ್ತದೆ, ಅಷ್ಟೆ’ ಎಂದರು.
ಲೆಕ್ಕದ ಗ್ಲಾಡಿಸ್ ಬಾಯಿ ಆ ಪದಕ್ಕೆ ಒಂದಕ್ಷರ ಹೆಚ್ಚಿಗೆ ಓದಿ
‘ಸವಕಳಿ! ವರ್ಷಕ್ಕೆ ನೂರಕ್ಕೆ ಹತ್ತು,
ಆ ಮುರುಕು ಬೆಂಚಿನ ಹಾಗೆ ನೀನೂ’ ಎಂದರು.
ನಕ್ಕೆವು. ಮನೆಗೆ ಹೋಗುವಾಗ ನಗು ಬರಲಿಲ್ಲ,
ಬೆಂಚು ಬಂತು ಜೊತೆಗೆ.

ಶನಿವಾರ ಕಡವಿನಲ್ಲಿ ಸಿಕ್ಕರು ಫಾದರ್ ಹಿಲಾರಿ,
ಜೆಪ್ಪುವಿನಲ್ಲಿ ಲ್ಯಾಟಿನ್ ಕಲಿಸಿ ಕಲಿಸಿ ಕಿವಿ ಮಂದವಾದವರು,
ಮರುವಾಯಿ ಕೊಳ್ಳಲು ಬಟ್ಟೆಚೀಲ ಹಿಡಿದು.
ಮೆಮೊ ತೋರಿಸಿದೆ.
ಕಾಗದವನ್ನು ಬಿಸಿಲಿಗೆ ಹಿಡಿದು, ನೋಟಿನಂತೆ, ಪರೀಕ್ಷಿಸಿದರು:
‘ಡೆ ಎಂದರೆ ಅತ್ತ. ಪ್ರೆಕಾರಿ ಎಂದರೆ ಮೊರೆಯಿಡು.
ಇದು ಬೈಗುಳವಲ್ಲ ಮಗಾ, ಮೊಣಕಾಲೂರಿದವರ ಮಾತು.
ಸಿಡಿಲೇ ಅತ್ತ ಹೋಗು, ಪ್ಲೇಗೇ ಅತ್ತ ಹೋಗು,
ಅಂತ ಕೈಮುಗಿದದ್ದು.
ಆಮೇಲೆ ಯಾರೋ ಕುರ್ಚಿ ತಂದರು.’
ಮುಂದೆ ಹೇಳಲಿಲ್ಲ,
ನೂರು ಮರುವಾಯಿಗೆ ಎಷ್ಟೆಂದು ಚೌಕಾಸಿಗೆ ನಿಂತರು.

ಬೆಂಗ್ರೆಯ ದೋಣಿ ಅರ್ಧ ಹೊಳೆ ದಾಟಿದಾಗ
ನಾಲಗೆಗೆ ತಾನಾಗಿ ಸಿಕ್ಕಿತು:
ಬೇಡು.
ಬೇಡ.
ಕೊಂಬೊಂದು ಕಳಚಿದರೆ ಯಾಚನೆ ಹೋಗಿ ನಿರಾಕರಣೆ.
ಕಳಚಿದೆಯೋ, ಒಳಗೇ ಮಡಚಿಕೊಂಡಿದೆಯೋ.

ಅಪ್ಪನ ದೋಣಿ ಮೂರು ದಿನ ಬಾರದ ವರ್ಷ
ಅಮ್ಮ ಕೂದಲು ಬಿಚ್ಚಿ ಮರಳಿನಲ್ಲಿ ನಿಂತು
ಕಡಲಿಗೆ ಕೂಗುತ್ತಿದ್ದಳು, ಬೊಡ್ಚಿ, ಬೊಡ್ಚಿ.
ಬೈಯುತ್ತಿದ್ದಾಳೋ ಬೇಡುತ್ತಿದ್ದಾಳೋ
ಎಂಟು ವರ್ಷದ ನನಗೆ ತಿಳಿಯಲಿಲ್ಲ.
ಉಪ್ಪು ಮೆಣಸು ನಿವಾಳಿಸಿ ನನ್ನ ನೆತ್ತಿಯ ಮೇಲೆ
ಮೂರು ಸಲ ಥೂ ಎಂದವಳೇ
ಕುಡಿದು ಬಂದ ಮಾವನ ಮುಖಕ್ಕೂ ಥೂ ಎಂದಳು, ಅದೇ ಸಂಜೆ.
ಉಗುಳು ಒಂದೇ.
ಮಾವ ಅದನ್ನು ಆಶೀರ್ವಾದವೆಂದು ಒರೆಸಿಕೊಂಡ,
ಅವನಿಗೆ ಲ್ಯಾಟಿನ್ ಬರುತ್ತಿತ್ತೇನೋ.

ಕಾರವಾರದ ಸಾಹೇಬರೇ,
ಮುಖ ನೋಡಿಲ್ಲ ನಿಮ್ಮದು, ರುಜು ಮಾತ್ರ ಬಲ್ಲೆ:
ಎಡಕ್ಕೆ ವಾಲಿ, ಕೊನೆಯಲ್ಲಿ ಬೆಚ್ಚಿದ ಹಾಗೆ ಮೇಲಕ್ಕೆ.
ಯಾವ ಸಿಡಿಲನ್ನು ಅತ್ತ ಕಳಿಸುತ್ತಿದ್ದಿರಿ?
ಷರಾ ತುಂಬಿದರೆ ಓದಬೇಕಾಗುತ್ತದೆ,
ಓದಿದರೆ, ಹುಡುಗಿಗೆ ಜ್ವರ ಮತ್ತೆ ಬಂತೇ ಎಂದು
ಯಾರಾದರೂ ಕೇಳಬೇಕಾಗುತ್ತದೆ.
ಸರಿ. ಮೆಮೊ ತಲುಪಿದೆ. ಇನ್ನು ಬರೆಯುವುದಿಲ್ಲ,
ಎಂದು ಬರೆದುಕೊಟ್ಟೆ.

ಸೋಮವಾರ.
ಧಕ್ಕೆಯ ಕಂಬದಲ್ಲಿ ಮೂರನೇ ನಂಬರಿನ ಸಿಗ್ನಲ್.
ಗಾಳಿಗೆ ಗ್ಲಾಡಿಸ್ ಬಾಯಿಯ ಬಿಲ್ಲುಗಳು ಕೋಣೆ ತುಂಬ.
ಕಲ್ಪೇನಿ ಬಿಟ್ಟ ‘ಸಲಾಮತ್’ ಶನಿವಾರವೇ ಬರಬೇಕಿತ್ತು.
ಅಕ್ಕಿಸಾಹುಕಾರರ ಆಳು ನಾಲ್ಕು ಸಲ ಬಂದು
ಕಿಟಕಿಯಲ್ಲಿ ಇಣುಕಿ, ಏನೂ ಕೇಳದೆ ಹೋದ.
ವಹಿ ತೆರೆದೆ. ಹೆಸರು. ಹೊರಟ ದಿನ. ಆಗಮನ: ಇಲ್ಲ.
ಷರಾ ಕಾಲಮಿನಲ್ಲಿ
ಶಾಯಿ ಮುಚ್ಚಿಟ್ಟು, ಪೆನ್ಸಿಲಿನಲ್ಲಿ, ಸಣ್ಣಗೆ,
ಬೇಡ
ಎಂದು ಬರೆದೆ.

ತಪಾಸಣೆಗೆ ಬಂದವರು
ಷರಾ ಬೇಡ ಎಂದು ಓದಿಕೊಂಡು
ರುಜು ಹಾಕಲಿ.