ಇಪ್ಪತ್ತೈದರ ಸಾಲು

ಹತ್ತೊಂಬತ್ತು ವರ್ಷ ಆತು, ಗೋಳಗುಮ್ಮಟದ ಈ ಕಿಟಕಿಯೊಳಗ
ಒಂದು ಕೈಗೆ ಎರಡು ದರ ಕಲಿಸೀನಿ:
ನಮ್ಮವರಿಗೆ ಇಪ್ಪತ್ತೈದು, ಹೊರಗಿನವರಿಗೆ ಮುನ್ನೂರು.
ಮಾರಿ ನೋಡೂದಕಿಂತ ಮೊದಲ ಬೆರಳು ತಿಕೀಟ ಹರೀತದ.

ಹೋದ ಡಿಸೆಂಬರದಾಗ ಒಬ್ಬಾಂವ ಬಂದ.
ಮೊಣಕಾಲ ತನಕ ಪಟ್ಟಿಪಟ್ಟಿ ಅಂಗಿ, ನಡಕ್ಕ ಬಿಗಿ ಕಟ್ಟು,
ಉದ್ದನ್ನ ಕರೀ ಕಾಲುಚೀಲ.
ನಾ ಮುನ್ನೂರು ತೊಗೊಂಡೆ.
ಅಂವ ಜಗಳಾಡಲಿಲ್ಲ. ಫಲಕದ ಕೆಳಗಿನ ಸಣ್ಣಕ್ಷರದ ಮ್ಯಾಲ
ಬೆರಳಿಟ್ಟು ನಿಂತ, ಪಾಸ್‌ಪೋರ್ಟ್ ತೆರೆದ.
ನಾನ ನಿಂತು ಹಚ್ಚಿಸಿದ ಫಲಕ. ನಾನ ಓದಿರಲಿಲ್ಲ:
ಭೂತಾನದವರೂ ಇಪ್ಪತ್ತೈದರ ಸಾಲಿನವರು.
ಇನ್ನೂರಾ ಎಪ್ಪತ್ತೈದು ವಾಪಸ್ ಎಣಿಸೂವಾಗ
ಹಿಂದ ನಿಂತವರು ನಗತಿದ್ರು.

ಇಳಿದು ಬಂದಾಂವ ಹಿಂದಿಯೊಳಗ ಕೇಳಿದ,
“ಮ್ಯಾಲ ಗೋಡಿ ತುಂಬ ಹೆಸರು. ಯಾರವು ಅವು?”
ಏನಂತ ಹೇಳ್ಲಿ. ಸಿಂದಗಿ ಸಂಜೂಂದು, ಜತ್ತದ ಪಿಂಕೀದು,
ಯಾವುದೋ ಎಸ್ಸೆಸ್ಸೆಲ್ಸಿ ಬ್ಯಾಚಿಂದು,
ಮೊಳಿಯಿಂದ, ಕೀಲಿಕೈಯಿಂದ, ಬಳಿ ಚೂರಿನಿಂದ.
ಅಂವ ಅಂದ: ನಮ್ಮ ದೇಶದ ಎಲ್ಲಾಕಿಂತ ದೊಡ್ಡ ಬೆಟ್ಟ
ಇನ್ನಾ ಯಾರೂ ಹತ್ತಿಲ್ಲ.
ಹತ್ತಗೊಡೂದಿಲ್ಲ.

ರಾತ್ರಿ ಮಹಾನಂದಾಗ ಹೇಳಿದೆ.
ಅಂಗನವಾಡಿ ರಜಿಸ್ಟರದಾಗ ತತ್ತಿ ಲೆಕ್ಕ ಬರೀತಿದ್ದಾಕಿ
ಪೆನ್ನು ಕೆಳಗಿಟ್ಟಳು.
ಪಂಢರಪುರದ ಆಚೆ ಏನೂ ಕೇಳದಾಕಿ
“ಯಾರ ಹೆಸರೂ ಇಲ್ಲದ್ದು ಒಂದು ನೋಡಬೇಕು” ಅಂದಳು.
ಮತ್ತ ತತ್ತಿ ಎಣಿಸಿದಳು.

ಸ್ಟೇಶನ್ ರೋಡಿನ ದಸ್ತಗೀರನ ಆನ್‌ಲೈನ್ ಅಂಗಡಿ.
“ಆಧಾರ ಅಲ್ಲಿ ನಡಿಯೂದಿಲ್ಲ ಕಾಕಾ.
ಪಾಸ್‌ಪೋರ್ಟ್ ಇರಬೇಕು, ಇಲ್ಲಾಂದ್ರ ಓಟಿನ ಕಾರ್ಡು.”
ಕಾರ್ಡು ಕೊಟ್ಟೆ. ತಿರುವಿ ನೋಡಿ ನಕ್ಕ.
ಹೆಸರು ಬರೋಬ್ಬರಿ, ಫೋಟೋ ಬರೋಬ್ಬರಿ.
ಲಿಂಗ: ಪುರುಷ.
ನಾಕು ಇಲೆಕ್ಷನ್ ಹಂಗ ಓಟು ಹಾಕ್ಯಾಳ ನನ್ನ ಹೆಂಡತಿ.

ತಲಿಗೆ, ರಾತ್ರಿಗೆ, ಸಾವಿರದಾ ಇನ್ನೂರು,
ಬರೇ ಅಲ್ಲಿ ಇದ್ದದ್ದಕ್ಕ.
ಖೋಲಿ ಬ್ಯಾರೆ, ಗೈಡು ಬ್ಯಾರೆ, ಗಾಡಿ ಬ್ಯಾರೆ,
ಸೊಲ್ಲಾಪುರ, ಹೌರಾ, ಹಾಸಿಮಾರಾ,
ಬೆನ್ನು ಮುರಿಯೂ ಅಷ್ಟು ರೈಲು ಬ್ಯಾರೆ.
“ದೂರದ ದೇಶದವರಿಗೆ ನೂರು ಡಾಲರ್ ಅದ ಕಾಕಾ,
ನಿಮಗ ಅಗ್ಗ ಆತು” ಅಂದ ದಸ್ತಗೀರ,
ತಾನ ಚೌಕಾಸಿ ಮಾಡಿ ಇಳಿಸಿದವರ ಹಂಗ.
ಅಲ್ಲೂ ಒಂದು ಕಿಟಕಿ ಇರತದ, ಒಳಗ ನನ್ನಂಥಾಂವ ಒಬ್ಬ,
ಮಾರಿ ನೋಡದ ರಶೀದಿ ಹರಿಯಾಂವ.
ಅಲ್ಲಿ ನಾವು ಪೂರಾ ಒಳಗಿನವರಲ್ಲ, ಪೂರಾ ಹೊರಗಿನವರಲ್ಲ.

ಆರು ರಾತ್ರಿ ಅಂತ ಬರಕೊಂಡು ಹೋಗಿದ್ದೆ.
ದಸ್ತಗೀರ ಕ್ಯಾಲ್ಕುಲೇಟರ್ ಒತ್ತಿ ನಾಕು ಮಾಡಿದ.
ಮನಿ ಮುಟ್ಟೂದರಾಗ ನಾನ ಎರಡಕ್ಕ ಇಳಿಸಿದ್ದೆ.
“ನಿದ್ದಿಗೂ ಸುಂಕ ಏನು?” ಅಂದಳು ಮಹಾನಂದಾ.
“ಹಂಗಾರ ಮಲಗೂದ ಬ್ಯಾಡ.
ಎರಡೂ ರಾತ್ರಿ ಎದ್ದು ಕುಂಡ್ರೂಣು.
ಕತ್ತಲಾದ್ರೇನು, ಬೆಟ್ಟ ಎದ್ದು ಎಲ್ಲಿಗೆ ಹೋಗತದ?”

ನಿನ್ನೆ ಕಿಟಕಿ ಮುಚ್ಚಿ, ಕಾವಲಿನ ಹುಡುಗನ್ನ ಕೇಳಿ ಮ್ಯಾಲ ಹತ್ತಿದೆ.
ಭಾಳ ದಿನಾ ಆಗಿತ್ತು. ಮೊಣಕಾಲು ಹತ್ತಕ್ಕೊಮ್ಮೆ ನಿಂತವು.
ಗೋಡಿಗೆ ಬಾಯಿ ಹಚ್ಚಿ ಸಣ್ಣಗ ಅಂದೆ: ಸಾವಿರದಾ ಇನ್ನೂರು.
ಗುಮ್ಮಟ ಏಳು ಸಲ ಅಂತು.
ಕಲ್ಲಿಗೇನು, ಅದರ ಜೇಬಿನದಲ್ಲಲ್ಲಾ.

ಆಮ್ಯಾಲ ಮೊಬೈಲ್ ಬ್ಯಾಟರಿ ಹಿಡಿದು ಹುಡುಕಿದೆ.
ಮೂರನೇ ಬಾಗಿಲ ಎಡಕ್ಕ, ಸೊಂಟದ ಎತ್ತರಕ್ಕ,
ಯಾಕಂದ್ರ ಆಗ ಅಷ್ಟ ಎತ್ತರ ಇದ್ದೆ:
ಬಿ. ಎಂ. ಹಡಲಗೇರಿ, ಏಳನೇತ್ತೆ.
ಸುಣ್ಣ ಎರಡು ಸಲ ಬಳದಾರ. ಹೋಗಿಲ್ಲ.
ಆ ಭೂತಾನದವಗ ಇದು ಹೇಳಿರಲಿಲ್ಲ.
ಮಹಾನಂದಾಗೂ ಹೇಳಿಲ್ಲ.

ನಾಳೆ ಸುಟಿ ಹಾಕಿ ತಹಶೀಲ್ದಾರ ಆಫೀಸಿಗೆ ಹೋಗಬೇಕು.
ಎಂಟನೇ ನಮೂನಿ ತುಂಬಿ
ಆಕಿನ್ನ ಹೆಣ್ಣು ಮಾಡಿಸಬೇಕು ಮೊದಲ.